ತೆನೆ ಹಬ್ಬದ ಹಿಂದಿನ ದಾರಿ: ಕೊಂಕಣಿ ಕಥೋಲಿಕರ ವಲಸೆಯ ನೆನಪು



ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹೆಸರು ಕೇಳದವರು ನಮ್ಮಲ್ಲಿ ಕಡಿಮೆ. ವರ್ಷವರ್ಷವೂ ಬಣ್ಣದ ಕೊಕ್ಕರೆಗಳು, ಹೆಜ್ಜಾರ್ಲೆಗಳು ಇಲ್ಲಿಗೆ ಬಂದು, ಮನೆಗಳ ನಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟಿ, ಮರಿಗಳನ್ನು ಬೆಳೆಸಿಕೊಂಡು ಹಾರಿಹೋಗುತ್ತವೆ. ಊರಿನವರಿಗೆ ಅವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಿದ್ದಂತೆ. 1916ರಲ್ಲಿ ಪ್ಲೇಗಿಗೆ ಹೆದರಿ ಜನ ಶಿಂಷಾ ದಡದ ಹಳೆಯ ಊರನ್ನು ಬಿಟ್ಟು ಈಗಿನ ಜಾಗಕ್ಕೆ ಬಂದಾಗ, ಹಕ್ಕಿಗಳೂ ಅವರ ಹಿಂದೆಯೇ ಬಂದವೆಂದು ಹಿರಿಯರು ಹೇಳುತ್ತಾರೆ.

ಇದೇ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ಇನ್ನೊಂದು ವಲಸೆಗೆ ಸಾಕ್ಷಿಯಾಗಿದೆ. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನೋತ್ಸವದ ದಿನ ದೇವಾಲಯದಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಹಂಚುವ ಕೊಂಕಣಿ ಕುಟುಂಬಗಳನ್ನು ನಾವು ಬಲ್ಲೆವು. ಆ ತೆನೆ ಅವರ ಕೈಗೆ ಬಂದ ದಾರಿ ಬಹಳ ದೂರದ್ದು.

ಅವರ ಪೂರ್ವಜರ ನೆಲ ಗೋವಾ. ಅಲ್ಲಿ 1560ರಲ್ಲಿ ಸ್ಥಾಪನೆಯಾದ ಧರ್ಮವಿಚಾರಣಾ ನ್ಯಾಯಾಲಯದ ಕಾಠಿಣ್ಯ, ಬಿಜಾಪುರದವರೊಂದಿಗಿನ ಯುದ್ಧಗಳು, ಬರಗಾಲ, 1683ರ ಮರಾಠರ ದಾಳಿ, ಇವೆಲ್ಲ ಒಂದರ ಮೇಲೊಂದು ಬಂದು ಜನರನ್ನು ದಕ್ಷಿಣಕ್ಕೆ ಅಟ್ಟಿದವು. 1684ರಲ್ಲಿ ಪೋರ್ಚುಗೀಸ್ ಆಡಳಿತ ಕೊಂಕಣಿ ಮಾತನ್ನೇ ನಿಷೇಧಿಸುವ ಆಜ್ಞೆ ಹೊರಡಿಸಿತು. ಹೆಸರು ಕೊಟ್ಟು ಜ್ಞಾನಸ್ನಾನ ಮಾಡಿಸಿದವರೇ ನಾಲಗೆಗೆ ಬೀಗ ಹಾಕಲು ಹೊರಟಿದ್ದರು! ಕನ್ನಡ ಕರಾವಳಿಯಲ್ಲಿ ಕೆಳದಿ ಅರಸರ ಆಳ್ವಿಕೆಯಿತ್ತು. ಬೇಸಾಯ ಬಲ್ಲ ಈ ಜನಕ್ಕೆ ಅಲ್ಲಿ ಉಳುವ ನೆಲ ಸಿಕ್ಕಿತು, ಆಡುವ ಮಾತೂ ಉಳಿಯಿತು.

ಕೆಳದಿ 1763ರಲ್ಲಿ ಹೈದರಾಲಿಯ ವಶವಾಯಿತು. ಅದೇ ವರ್ಷ ನೇತ್ರಾವತಿ ದಡದ ಫರಂಗಿಪೇಟೆಯ ಮೊಂತೆ ಮರಿಯಾನೊ ಮಠದಲ್ಲಿ ಗೋವಾದ ಜೋಕಿಂ ಮಿರಾಂದಾ ಗುರುಗಳು ಮರಿಯಮ್ಮನವರ ಹಬ್ಬವನ್ನು ಆರಂಭಿಸಿದರೆಂದು ಪ್ರತೀತಿ. ಮೊಂತಿ ಹಬ್ಬ ಎಂಬ ಹೆಸರು ಬಂದದ್ದು ಹೀಗೆ.

ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಈ ಜನರ ಮೇಲೆ ಬಂತು. 1784ರ ವಿಭೂತಿ ಬುಧವಾರದ ಹೊತ್ತಿಗೆ ಟಿಪ್ಪು ಸುಲ್ತಾನನ ಆಜ್ಞೆಯಂತೆ ಅವರನ್ನು ಸೆರೆಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಸಂಖ್ಯೆಯ ಬಗ್ಗೆ ದಾಖಲೆಗಳು ಒಂದೇ ಮಾತು ಹೇಳುವುದಿಲ್ಲ. 30 ಸಾವಿರದಿಂದ 80 ಸಾವಿರದವರೆಗೂ ಲೆಕ್ಕಗಳಿವೆ. ಹಾದಿಯಲ್ಲೂ ಸೆರೆಯಲ್ಲೂ ಸತ್ತವರು ಬಹಳ. ಮಂಗಳೂರಿನ ಮಿಲಾಗ್ರಿಸ್ ಸೇರಿ ಅನೇಕ ದೇವಾಲಯಗಳು ನೆಲಸಮವಾದವು. ಮಿರಾಂದಾ ಗುರುಗಳಿಗೂ ಹೈದರಾಲಿಗೂ ಇದ್ದ ಸ್ನೇಹದಿಂದ ಮೊಂತೆ ಮರಿಯಾನೊ ಉಳಿಯಿತೆಂದು ಹೇಳುತ್ತಾರೆ.

ಸೆರೆ ಮುಗಿದದ್ದು 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿದ್ದ ಮೇಲೆ. ಹದಿನೈದು ವರ್ಷಗಳೆಂದರೆ ಒಂದು ತಲೆಮಾರು ಬೆಳೆಯುವಷ್ಟು ಕಾಲ. ಗುರುಗಳಿಲ್ಲ, ಬಲಿಪೂಜೆಯಿಲ್ಲ, ಇದ್ದದ್ದು ತಾಯಂದಿರು ಮಕ್ಕಳಿಗೆ ಪಿಸುಮಾತಿನಲ್ಲಿ ಕಲಿಸಿದ ಜಪ. ಇಂಗ್ಲೆಂಡಿನಿಂದ ಗೋವಾಕ್ಕೆ ಬಂದ ಯೇಸುಸಭೆಯ ಥಾಮಸ್ ಸ್ಟೀಫನ್ಸ್ ಗುರುಗಳು ರಚಿಸಿ, 1616ರಲ್ಲಿ ಅಚ್ಚಾದ ‘ಕ್ರಿಸ್ತಪುರಾಣ’ದ ಪದ್ಯಗಳು ಸೆರೆಯಲ್ಲಿದ್ದವರಿಗೆ ಧೈರ್ಯ ಕೊಟ್ಟವೆಂದು ಕರಾವಳಿಯ ಹಿರಿಯರು ನೆನೆಯುತ್ತಾರೆ.

ಬಿಡುಗಡೆಯಾದವರಲ್ಲಿ ಅನೇಕರು ಕರಾವಳಿಗೆ ಮರಳಿದರು. ಕೆಲವರು ಮೈಸೂರು ಸೀಮೆಯಲ್ಲೇ ಉಳಿದರು. ಅದಕ್ಕೆ ಮೊದಲೇ ತಪ್ಪಿಸಿಕೊಂಡು ಕೊಡಗು ಸೇರಿದವರಿಗೆ ದೊಡ್ಡ ವೀರರಾಜೇಂದ್ರ ಅರಸ ಆಶ್ರಯ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದ ಮೂಲ 1792ರ ಆ ಔದಾರ್ಯದಲ್ಲಿದೆ. ಶ್ರೀರಂಗಪಟ್ಟಣದಲ್ಲಿ ಚದುರಿದ ವಿಶ್ವಾಸಿಗಳನ್ನು ಮತ್ತೆ ಒಟ್ಟುಗೂಡಿಸಲು ಬಂದವರು ಫ್ರೆಂಚ್ ಗುರು ಅಬ್ಬೆ ದ್ಯುಬ್ವಾ. ಈ ಸೀಮೆಯ ಜನ ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು.

ಇಷ್ಟೆಲ್ಲ ಕಳೆದುಕೊಂಡೂ ಇವರು ಉಳಿಸಿಕೊಂಡದ್ದೇನು? ಮನೆಯೊಳಗೆ ಕೊಂಕಣಿ ಮಾತು; ಅದನ್ನು ಬರೆಯಲು ನೆರೆಯವರ ಕನ್ನಡ ಲಿಪಿ. 1938ರಿಂದ ಮಂಗಳೂರು ಧರ್ಮಪ್ರಾಂತ್ಯದ ‘ರಾಕ್ಣೊ’ ವಾರಪತ್ರಿಕೆ ಬರುತ್ತಿರುವುದು ಕನ್ನಡ ಅಕ್ಷರಗಳಲ್ಲೇ. ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ರೋಸ್, ಆಗ ಹೆಂಗಸರು ಹಾಡುವ ವೊವಿಯೊ, ಹೊಸ ಅಕ್ಕಿಯ ಕಾಳುಗಳನ್ನು ಪಾಯಸಕ್ಕೆ ಬೆರೆಸಿ ಮನೆಮಂದಿಯೆಲ್ಲ ಕೂಡಿ ಉಣ್ಣುವ ಹಬ್ಬದೂಟ, ಇವೂ ಉಳಿದವು. ಬಾಬಿಲೋನಿನ ಸೆರೆಯಲ್ಲಿ ಇಸ್ರಯೇಲರೂ ತಮ್ಮ ನೆನಪನ್ನು ಹೀಗೆಯೇ ಕಾಪಾಡಿಕೊಂಡರಲ್ಲವೇ?

ಆದರೆ ಒಂದು ಜನಾಂಗ ಉಳಿಯಲು ಅದರ ಹಟವೊಂದೇ ಸಾಲದು. ಬಂದವರಿಗೆ ಜಾಗ ಕೊಡುವ ಕೈಯೂ ಬೇಕು. ಗೋವಾ ಬಿಟ್ಟವರಿಗೆ ಕೆಳದಿಯ ನೆಲ, ಸೆರೆಯಿಂದ ಓಡಿದವರಿಗೆ ಕೊಡಗಿನ ಆಸರೆ, ರೆಕ್ಕೆ ದಣಿದ ಹಕ್ಕಿಗೆ ಬೆಳ್ಳೂರಿನ ಹುಣಸೆ. ಯಾವ ಧರ್ಮದವರು ಎಂದು ಕೇಳದೆ ಜಾಗ ಕೊಟ್ಟವರನ್ನು ನಾವು ಮರೆಯಬಾರದು. 1784ರ ನೋವನ್ನು ಇಂದಿನ ನೆರೆಯವರ ಮೇಲಿನ ಮುನಿಸಾಗಿಸುವುದೂ ನಮಗೆ ತಕ್ಕದ್ದಲ್ಲ.

ಇಂದು ಕೆಲಸ ಹುಡುಕಿಕೊಂಡು ನಮ್ಮ ಧರ್ಮಕೇಂದ್ರಗಳಿಗೂ ಹೊರಗಿನವರು ಬರುತ್ತಿದ್ದಾರೆ. ಬೇರೆ ಮಾತಾಡುವ ಅವರು ದೇವಾಲಯದ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತು ಎದ್ದುಹೋಗುತ್ತಾರೆ. ಬರುವ ತೆನೆ ಹಬ್ಬದಂದು ನಮ್ಮ ಮಕ್ಕಳಿಗೆ ಈ ಕಥೆ ಹೇಳೋಣ, ಅಜ್ಜಿಯ ಮಾತಿನಲ್ಲಿ ಒಂದು ಜಪವನ್ನಾದರೂ ಕಲಿಸೋಣ. ಹಿಂದಿನ ಸಾಲಿನಲ್ಲಿರುವ ಆ ಕುಟುಂಬವನ್ನು ಹೊಸ ಅಕ್ಕಿಯ ಊಟಕ್ಕೆ ಮನೆಗೆ ಕರೆಯೋಣ.