ಊರಿನದಾದ ಸ್ಕೀ ಬೆಟ್ಟ: ಆಸ್ಕಟ್ನಿಯಲ್ಲಿ ಯಾರಿಗೆ ಏನು ದಕ್ಕಿತು

ಅಮೆರಿಕದ ನ್ಯೂ ಇಂಗ್ಲೆಂಡ್ ರಾಜ್ಯಗಳಲ್ಲಿ ಮುಚ್ಚಿಹೋದ ಸ್ಕೀ ತಾಣಗಳ ಪಟ್ಟಿಯೊಂದನ್ನು ಇತಿಹಾಸಾಸಕ್ತರು 1998ರಿಂದ ಬೆಳೆಸುತ್ತ ಬಂದಿದ್ದಾರೆ. ಅದರಲ್ಲಿ ಆರುನೂರಕ್ಕೂ ಹೆಚ್ಚು ಹೆಸರುಗಳಿವೆ. ಅವುಗಳಲ್ಲಿ ಅನೇಕ ತಾಣಗಳು ಒಂದು ಹೊಲದ ಇಳಿಜಾರು, ಒಂದು ಹಗ್ಗ, ಒಂದು ಹಳೆಯ ಎಂಜಿನ್ ಇಷ್ಟನ್ನೇ ನಂಬಿ ನಡೆದವು. ಮತ್ತೆ ತೆರೆದವು ಬಹಳ ಕಡಿಮೆ. ಹೀಗೆ ಮರುಜೀವ ಪಡೆದ ತಾಣಗಳ ಬಗ್ಗೆ ಮಾತು ಬಂದಾಗಲೆಲ್ಲ ಚರ್ಚೆ ಲೆಕ್ಕಪತ್ರದ ಕಡೆಗೇ ಹೊರಳುತ್ತದೆ: ಹಣ ಎಲ್ಲಿಂದ ಬಂತು, ಎಷ್ಟು ವರ್ಷ ನಡೆದೀತು. ಆದರೆ ಸ್ಕೀಯರ್ ಎಂಬುದು ಒಂದೇ ಬಗೆಯ ಜನರ ಹೆಸರಲ್ಲ. ಆರು ವರ್ಷದ ಮಗು, ನಲವತ್ತರಲ್ಲಿ ಮೊದಲ ಸಲ ಹಿಮ ತುಳಿದವರು, ರಜೆಗೆಂದು ಕುಟುಂಬದೊಡನೆ ಬಂದವರು, ಲಿಫ್ಟನ್ನೇ ಬೇಡವೆಂದು ಕಾಲ್ನಡಿಗೆಯಲ್ಲಿ ಬೆಟ್ಟ ಏರುವವರು, ಇವರೆಲ್ಲರ ಬೇಡಿಕೆ ಬೇರೆ ಬೇರೆ. ಮತ್ತೆ ತೆರೆದ ಬೆಟ್ಟ ಇವರಲ್ಲಿ ಯಾರಿಗೆ ಏನು ಕೊಡುತ್ತದೆ ಎಂಬುದನ್ನು ವರ್ಮಾಂಟ್ ರಾಜ್ಯದ ಆಸ್ಕಟ್ನಿ ಬೆಟ್ಟವನ್ನು ಮುಂದಿಟ್ಟುಕೊಂಡು ನೋಡುವುದು ಈ ಲೇಖನದ ಉದ್ದೇಶ.

ಆಸ್ಕಟ್ನಿ 3,144 ಅಡಿ ಎತ್ತರದ ಒಂಟಿ ಬೆಟ್ಟ. ವರ್ಮಾಂಟಿನ ಬೆನ್ನೆಲುಬಾದ ಗ್ರೀನ್ ಮೌಂಟನ್ಸ್ ಸಾಲಿಗೆ ಸೇರದೆ ಕನೆಕ್ಟಿಕಟ್ ನದಿಯ ಮಗ್ಗುಲಲ್ಲಿ ತಾನಾಗಿ ನಿಂತಿದೆ. ತಪ್ಪಲಿನಲ್ಲಿ ವೆಸ್ಟ್ ವಿಂಡ್ಸರ್ ಎಂಬ ಊರು. 2010ರ ಜನಗಣತಿಯ ವೇಳೆಗೆ ಅಲ್ಲಿದ್ದವರು ಸಾವಿರದ ನೂರರಷ್ಟು ಜನ. 1940ರ ದಶಕದ ಮಧ್ಯದಲ್ಲಿ ಶುರುವಾದ ಸ್ಕೀ ತಾಣ ಕ್ರಮೇಣ ಬೆಳೆದು, 1980ರ ದಶಕದಲ್ಲಿ ಬೆಟ್ಟದ ಬುಡಕ್ಕೇ ಹೋಟೆಲು, ವಸತಿಗಳು ಬಂದವು. ಉಚ್ಛ್ರಾಯ ಕಾಲದಲ್ಲಿ 1,800 ಅಡಿಗಳ ಇಳಿತ, ಐವತ್ತಕ್ಕೂ ಹೆಚ್ಚು ಜಾರುಹಾದಿಗಳು, ಜಾರುಹಾದಿಗಳ ತುದಿಗೇ ಒಯ್ಯುವ ಅತಿವೇಗದ ಚೇರ್‌ಲಿಫ್ಟ್ ಇದ್ದವು. ಒಡೆತನ ಕೈಯಿಂದ ಕೈಗೆ ದಾಟಿತು, ಸಾಲ ಬೆಳೆಯಿತು, 2010ರಲ್ಲಿ ಬಾಗಿಲು ಮುಚ್ಚಿತು. ಲಿಫ್ಟುಗಳನ್ನು ಬಿಚ್ಚಿ ಮಾರಲಾಯಿತು. ಆ ಅತಿವೇಗದ ಲಿಫ್ಟ್ 2012ರಲ್ಲಿ ಪಕ್ಕದ ನ್ಯೂ ಹ್ಯಾಂಪ್‌ಶೈರ್‌ನ ಕ್ರಾಚೆಡ್ ಬೆಟ್ಟಕ್ಕೆ ಹೋಗಿ ಇಂದಿಗೂ ಅಲ್ಲಿ ಜನರನ್ನು ಹೊರುತ್ತಿದೆ.

2015ರಲ್ಲಿ ಊರೇ ಬೆಟ್ಟವನ್ನು ಕೊಂಡಿತು. ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್ ಎಂಬ ಭೂಸಂರಕ್ಷಣಾ ಸಂಸ್ಥೆಯ ನೆರವಿನಿಂದ 469 ಎಕರೆ ಊರಿನ ಹೆಸರಿಗೆ ಬಂದು, ಅದಾಗಲೇ ಇದ್ದ ಸಾವಿರಕ್ಕೂ ಹೆಚ್ಚು ಎಕರೆಯ ಊರ ಕಾಡಿಗೆ ಸೇರಿತು. ತಮ್ಮ ತೆರಿಗೆಯಿಂದ ಒಂದು ಲಕ್ಷ ಡಾಲರಿಗೆ ತುಸು ಹೆಚ್ಚನ್ನು ಕೊಡಲು ಊರಿನವರು ಮತ ಹಾಕಿ ಒಪ್ಪಿದ್ದರು. ಉಳಿದದ್ದನ್ನು ಬೇರೆ ಮೂಲಗಳಿಂದ ಕೂಡಿಸಲಾಯಿತು. ನಡೆಸುವ ಹೊಣೆ ಆಸ್ಕಟ್ನಿ ಔಟ್‌ಡೋರ್ಸ್ ಎಂಬ ಲಾಭರಹಿತ ಸಂಸ್ಥೆಯದು, ದುಡಿಮೆ ಬಹುಪಾಲು ಸ್ವಯಂಸೇವಕರದು. ಅದೇ ಚಳಿಗಾಲಕ್ಕೆ ಒಂದು ರೋಪ್ ಟೋ, ಅಂದರೆ ಕೈಯಲ್ಲಿ ಹಿಡಿದು ಮೇಲೇರುವ ಓಡುವ ಹಗ್ಗ, ಬಂತು. 2020ರಲ್ಲಿ ಸ್ಕೀಯರ್‌ರನ್ನು ಹಿಂದಿನಿಂದ ತಳ್ಳಿ ಏರಿಸುವ ಟಿ-ಬಾರ್ ಬಂತು. ಅದು ಏರಿಸುವುದು ಸುಮಾರು 435 ಅಡಿ. ಅಂದರೆ ಹಳೆಯ ಇಳಿತದ ನಾಲ್ಕನೆಯ ಒಂದು ಭಾಗಕ್ಕೆ ಮಾತ್ರ ಈಗ ಯಂತ್ರವಿದೆ. ಮೇಲಿನ ಮುಕ್ಕಾಲು ಬೆಟ್ಟದ ಮೇಲೆ ಲಿಫ್ಟ್ ಇಲ್ಲ.

ಇದನ್ನು ಬಡತನದ ರಾಜಿ ಎಂದು ಓದುವುದು ಸುಲಭ. ನನ್ನ ವಾದ ಇದಕ್ಕೆ ವಿರುದ್ಧ. ಮುಕ್ಕಾಲು ಬೆಟ್ಟವನ್ನು ಯಂತ್ರದಿಂದ ಬಿಡುಗಡೆ ಮಾಡಿದ್ದರಿಂದಲೇ ಆಸ್ಕಟ್ನಿ ಸ್ಕೀಯರ್‌ಗಳ ಎರಡು ತುದಿಗಳಿಗೆ, ಕಲಿಯುವವರಿಗೂ ನುರಿತವರಿಗೂ, ದೊಡ್ಡ ರೆಸಾರ್ಟುಗಳಿಗಿಂತ ಹೆಚ್ಚನ್ನು ಕೊಡುತ್ತಿದೆ. ನಡುವಿನವರಿಗೆ ಮಾತ್ರ ಕಡಿಮೆ ಕೊಡುತ್ತಿದೆ.

ಮೊದಲು ಕಲಿಯುವವರು. ಅಮೆರಿಕದ ಮೊದಲ ರೋಪ್ ಟೋ ಓಡಿದ್ದು 1934ರಲ್ಲಿ, ಇಲ್ಲಿಂದ ಬಹು ದೂರವಲ್ಲದ ವುಡ್‌ಸ್ಟಾಕ್‌ನ ಒಂದು ಹೊಲದಲ್ಲಿ, ಫೋರ್ಡ್ ಮಾಡೆಲ್ ಟಿ ಮೋಟಾರಿನ ಬಲದಿಂದ. ತತ್ವ ಇಂದಿಗೂ ಅದೇ. ಓಡುತ್ತಿರುವ ಹಗ್ಗವನ್ನು ಒಮ್ಮೆಗೇ ಗಪ್ಪನೆ ಹಿಡಿದರೆ ತೋಳು ಕಿತ್ತುಬರುವಂತೆ ಜಗ್ಗುತ್ತದೆ. ಮೊದಲು ಹಗ್ಗ ಕೈಯೊಳಗೆ ಜಾರಲು ಬಿಟ್ಟು, ನಿಧಾನವಾಗಿ ಮುಷ್ಟಿ ಬಿಗಿಮಾಡುತ್ತ ಹೋಗಬೇಕು. ಆಗ ಮೈ ತಾನಾಗಿ ಹಗ್ಗದ ವೇಗಕ್ಕೆ ಬರುತ್ತದೆ. ಅಂಗೈಯ ಕೈಗವಸು ಬೇಗ ಸವೆಯುವುದು ಇದರಿಂದಲೇ. ಟಿ-ಬಾರಿನದು ಇನ್ನೊಂದು ಪಾಠ. ತಲೆಕೆಳಗಾದ ಟಿ ಆಕಾರದ ಪಟ್ಟಿ ತೊಡೆಯ ಹಿಂಭಾಗಕ್ಕೆ ಬಂದು ತಾಗುತ್ತದೆ. ಅದರ ಮೇಲೆ ಕೂರಲು ಹೋದವರು ಬೀಳುತ್ತಾರೆ. ಸ್ಕೀ ನೆಲದಲ್ಲೇ ಇರಬೇಕು, ಮೊಣಕಾಲು ಸಡಿಲವಾಗಿರಬೇಕು, ಪಟ್ಟಿ ತಳ್ಳಿದ ಕಡೆಗೆ ಹೋಗಬೇಕು. ಕುರ್ಚಿಯಲ್ಲಿ ಕೂತು ಮೇಲೇರುವ ಮಗು ಆ ಹೊತ್ತಿನಲ್ಲಿ ಏನನ್ನೂ ಕಲಿಯುವುದಿಲ್ಲ. ಹಗ್ಗ ಹಿಡಿದು ಏರುವ ಮಗು ಏರುವಾಗಲೂ ಸಮತೋಲ ಕಲಿಯುತ್ತಿರುತ್ತದೆ.

ಇಳಿಜಾರು ಚಿಕ್ಕದು ಎಂಬುದೂ ಇಲ್ಲಿ ಕೊರತೆಯಲ್ಲ. ಕಲಿಕೆಯ ಅಳತೆ ಹಾದಿಯ ಉದ್ದವಲ್ಲ, ತಿರುವುಗಳ ಸಂಖ್ಯೆ. ಎರಡು ನಿಮಿಷದಲ್ಲಿ ಇಳಿದು, ಬೋಧಕರ ಒಂದು ಮಾತು ಕೇಳಿ, ಕೂಡಲೇ ಮತ್ತೆ ಏರಿದರೆ ತಪ್ಪು ಮೈಗೆ ಅಂಟುವ ಮೊದಲೇ ತಿದ್ದಿಹೋಗುತ್ತದೆ. ಇದಕ್ಕೆ ವರ್ಮಾಂಟಿನಲ್ಲೇ ದೊಡ್ಡ ಸಾಕ್ಷಿಯಿದೆ. ರಿಚ್‌ಮಂಡ್ ಎಂಬಲ್ಲಿ ಕಾಕ್ರನ್ ಕುಟುಂಬ 1961ರಲ್ಲಿ ತಮ್ಮ ಮನೆಯ ಹಿಂದಿನ ಗುಡ್ಡಕ್ಕೆ ಒಂದು ರೋಪ್ ಟೋ ಹಾಕಿಕೊಂಡಿತು. ಅಲ್ಲಿ ಶಾಲೆ ಮುಗಿಸಿ ಬಂದು ಸಂಜೆಗಳಲ್ಲಿ ಅಭ್ಯಾಸ ಮಾಡಿದ ಬಾರ್ಬರಾ ಆನ್ ಕಾಕ್ರನ್ 1972ರ ಸಪ್ಪೊರೊ ಒಲಿಂಪಿಕ್ಸ್‌ನಲ್ಲಿ ಸ್ಲಾಲಮ್ ಚಿನ್ನ ಗೆದ್ದರು. ಅದೇ ಮನೆತನದ ರಯಾನ್ ಕಾಕ್ರನ್-ಸೀಗಲ್ 2022ರಲ್ಲಿ ಬೀಜಿಂಗ್‌ನಿಂದ ಬೆಳ್ಳಿ ತಂದರು.

ದೊಡ್ಡವರಾದ ಮೇಲೆ ಕಲಿಯಹೊರಟವರಿಗೆ ಈ ಚಿಕ್ಕತನ ಇನ್ನೂ ಹೆಚ್ಚಿನ ಉಪಕಾರಿ. ಬಾಸ್ಟನ್ನಿನಂಥ ಊರುಗಳಲ್ಲಿ ನೆಲೆಸಿದ ನಮ್ಮ ಕನ್ನಡಿಗರನ್ನೇ ನೆನೆಯೋಣ. ಹಿಮವನ್ನೇ ಕಾಣದೆ ಬೆಳೆದವರಿಗೆ ಬೀಳುವ ಭಯದಷ್ಟೇ ನಾಲ್ಕು ಜನರೆದುರು ಬೀಳುವ ಸಂಕೋಚವೂ ಇರುತ್ತದೆ. ದೊಡ್ಡ ತಾಣಗಳಲ್ಲಿ ಆಯಾ ದಿನ ಕಿಟಕಿಯಲ್ಲಿ ಕೊಳ್ಳುವ ಟಿಕೆಟು ನೂರು ಡಾಲರ್ ದಾಟಿ ಬಹಳ ಕಾಲವಾಯಿತು. ಅಷ್ಟು ತೆತ್ತವರು ಸುಸ್ತಾದರೂ ಬಿಡದೆ ಇಳಿಯುತ್ತಾರೆ, ಪೆಟ್ಟು ಮಾಡಿಕೊಳ್ಳುತ್ತಾರೆ. ಊರ ಬೆಟ್ಟದ ಅಗ್ಗದ ಟಿಕೆಟು ಒಂದು ಗಂಟೆ ಆಡಿ ಸಾಕೆಂದು ಮನೆಗೆ ಹೋಗುವ ಸ್ವಾತಂತ್ರ್ಯ ಕೊಡುತ್ತದೆ. ಇಳಿಜಾರಿನ ಬುಡದಲ್ಲಿ ನಿಂತ ತಾಯಿಗೆ ಮಗು ಉದ್ದಕ್ಕೂ ಕಣ್ಣೆದುರೇ ಇರುತ್ತದೆ ಎಂಬುದನ್ನು ಸಂಶೋಧಕರು ಯಾವ ಕೋಷ್ಟಕದಲ್ಲಿ ಹಾಕಬೇಕೋ ತಿಳಿಯದು, ಆದರೆ ಕುಟುಂಬಗಳು ಬೆಟ್ಟ ಆರಿಸಿಕೊಳ್ಳುವಾಗ ಅದು ಎಣಿಕೆಗೆ ಬಂದೇ ಬರುತ್ತದೆ.

ಇನ್ನು ಮೇಲಿನ ಮುಕ್ಕಾಲು. ಅಲ್ಲಿಗೆ ಹೋಗುವವರು ಸ್ಕೀಯ ಅಡಿಗೆ ಸ್ಕಿನ್ ಎಂಬ ಬಟ್ಟೆಯ ಪಟ್ಟಿ ಅಂಟಿಸಿಕೊಳ್ಳುತ್ತಾರೆ. ನೈಲಾನ್ ಅಥವಾ ಮೊಹೇರ್ ಎಳೆಗಳ ಆ ಪಟ್ಟಿಗೆ ದನದ ಮೈಗೂದಲಿನಂತೆ ಒಂದೇ ದಿಕ್ಕು. ಮುಂದಕ್ಕೆ ನುಣ್ಣಗೆ ಜಾರುತ್ತದೆ, ಹಿಂದಕ್ಕೆ ಜಾರಲು ಬಿಡದೆ ಹಿಮವನ್ನು ಕಚ್ಚಿಕೊಳ್ಳುತ್ತದೆ. ಹಿಮ್ಮಡಿಯ ಕಡೆ ಬಂಧ ಬಿಚ್ಚಿಕೊಂಡು ನಡೆದಂತೆಯೇ ಏರಿ, ಮೇಲೆ ಪಟ್ಟಿ ಕಿತ್ತು ಮಡಚಿ ಎದೆಗೆ ತುರುಕಿ, ಹಿಮ್ಮಡಿ ಬಿಗಿದು ಇಳಿಯುತ್ತಾರೆ. ಲಿಫ್ಟುಗಳಿರುವ ತಾಣಗಳಲ್ಲೂ ಇವರಿಗೆ ಕೆಲವೆಡೆ ಅವಕಾಶವುಂಟು, ಆದರೆ ಗೊತ್ತುಪಡಿಸಿದ ಹಾದಿಯಲ್ಲಿ, ಗೊತ್ತುಪಡಿಸಿದ ವೇಳೆಯಲ್ಲಿ, ಹಿಮ ತಟ್ಟುವ ಯಂತ್ರಗಳಿಗೆ ದಾರಿ ಬಿಟ್ಟುಕೊಂಡು. ಆಸ್ಕಟ್ನಿಯ ಮೇಲ್ಭಾಗದಲ್ಲಿ ಅವರದೇ ಮೊದಲ ಹಕ್ಕು. ಚೇರ್‌ಲಿಫ್ಟಿನ ಬೆಟ್ಟದಲ್ಲಿ ರಾತ್ರಿ ಬಿದ್ದ ಹೊಸ ಹಿಮ ಬೆಳಗಿನ ಒಂದೆರಡು ಗಂಟೆಯಲ್ಲೇ ತುಳಿದು ಹಾಳಾಗುತ್ತದೆ. ಪ್ರತಿ ಇಳಿತಕ್ಕೂ ಬೆವರಿನ ಬೆಲೆ ತೆರಬೇಕಾದ ಕಡೆ ಅದೇ ಹಿಮ ದಿನಗಟ್ಟಲೆ ಉಳಿದೀತು.

ಆದರೂ ಈ ಮೇಲ್ಭಾಗವನ್ನು ಸಹಜ ಕಾಡು ಎಂದು ತಿಳಿದರೆ ತಪ್ಪು. ಇದು ಸತ್ತ ರೆಸಾರ್ಟು ಬಿಟ್ಟುಹೋದ ಆಸ್ತಿ. ಹಾದಿಗಳನ್ನು ಹಿಂದೆ ಬಂಡವಾಳ ಹೂಡಿ ಕಡಿದು ಸಮ ಮಾಡಿದ್ದರು. ಆ ಹೂಡಿಕೆಯ ಫಲವನ್ನು ಇಂದು ಸ್ಕಿನ್ ಕಟ್ಟಿಕೊಂಡು ಬರುವವರು ಉಣ್ಣುತ್ತಿದ್ದಾರೆ. ಅದನ್ನು ಉಳಿಸಿಕೊಳ್ಳುವ ಕೆಲಸವೂ ಸಣ್ಣದಲ್ಲ. ಈ ಸೀಮೆಯ ಕಾಡು ಬಯಲನ್ನು ಸಹಿಸುವುದಿಲ್ಲ. ನಾಲ್ಕಾರು ಬೇಸಿಗೆ ಕೈಬಿಟ್ಟರೆ ರಾಸ್ಪ್‌ಬೆರಿ ಮುಳ್ಳೂ ಬರ್ಚ್ ಸಸಿಗಳೂ ಹಾದಿಯನ್ನು ತುಂಬಿಬಿಡುತ್ತವೆ. ಬೇಸಿಗೆ, ಶರತ್ಕಾಲಗಳಲ್ಲಿ ಪೊದೆ ಸವರುವವರು ಬರದಿದ್ದರೆ ಚಳಿಗಾಲದಲ್ಲಿ ಸ್ಕೀ ಇಲ್ಲ. ಬೇಸಿಗೆಯಲ್ಲಿ ಇದೇ ಬೆಟ್ಟದ ಹಾದಿಗಳಲ್ಲಿ ಸೈಕಲ್ ಓಡಿಸುವವರು, ಚಾರಣಿಗರು ಅನೇಕರಿರುವುದರಿಂದ ದುಡಿಯುವ ಕೈಗಳು ಸಿಗುತ್ತಿವೆ.

ನಡುವಿನವರು ಎಂದೆನಲ್ಲ: ಎರಡೂ ಸ್ಕೀಗಳನ್ನು ಸಮಾನಾಂತರವಾಗಿಟ್ಟು ತಿರುಗಲು ಬರುತ್ತದೆ, ಹದ ಮಾಡಿದ ಉದ್ದನೆಯ ಹಾದಿಯಲ್ಲಿ ದಿನವಿಡೀ ಇಳಿಯುವ ಆಸೆ, ಬೆಟ್ಟ ಏರುವ ಶಕ್ತಿಯೋ ಮನಸ್ಸೋ ಇಲ್ಲ. ಉದ್ಯಮ ನಿಂತಿರುವುದೇ ಇಂಥವರ ಮೇಲೆ. ಅವರಿಗೆ ಟಿ-ಬಾರಿನ ಇಳಿಜಾರು ಅರ್ಧ ದಿನಕ್ಕೆ ಮುಗಿದುಹೋಗುತ್ತದೆ, ಮೇಲ್ಭಾಗ ಕೈಗೆಟುಕದು. ಒಂದು ಗಂಟೆಯೊಳಗಿನ ದಾರಿಯಲ್ಲಿ ಓಕೀಮೋ ಇದೆ. 2018ರಲ್ಲಿ ವೇಲ್ ಎಂಬ ದೊಡ್ಡ ಸ್ಕೀ ರೆಸಾರ್ಟ್ ಕಂಪನಿ ಕೊಂಡ, ಬಹುಪಾಲು ಹಾದಿಗಳಿಗೆ ಯಂತ್ರದ ಹಿಮ ಹರಡುವ ತಾಣ. ಹಳೆಯ ಆಸ್ಕಟ್ನಿ ಸೋತದ್ದು ಇಂಥ ತಾಣಗಳೊಡನೆ ಇದೇ ಗಿರಾಕಿಗಾಗಿ ಪೈಪೋಟಿಗಿಳಿದು. ಹೊಸ ಆಸ್ಕಟ್ನಿ ಆ ಪೈಪೋಟಿಯನ್ನೇ ಬಿಟ್ಟಿತು. ಊರಿಗೆ ಅದು ವಿವೇಕದ ನಿರ್ಧಾರ ಎಂದು ನಾನು ದೃಢವಾಗಿ ನಂಬುತ್ತೇನೆ. ಆದರೆ ಇಂಥ ಬೆಟ್ಟ ಎಲ್ಲರಿಗೂ ಎಂದು ಹೇಳುವ ಪ್ರಶಂಸಾ ಬರಹಗಳು ಈ ನಷ್ಟವನ್ನು ಮರೆಮಾಚುತ್ತವೆ.

ಹಿಮದ ಅನಿಶ್ಚಿತತೆಯೂ ಎಲ್ಲರ ಮೇಲೆ ಒಂದೇ ಸಮ ಬೀಳುವುದಿಲ್ಲ. ಆಸ್ಕಟ್ನಿಯ ಪುನರಾರಂಭ ನೆಚ್ಚಿಕೊಂಡದ್ದು ಆಕಾಶದಿಂದ ಬೀಳುವ ಹಿಮವನ್ನು, ಮತ್ತು ತಪ್ಪಲು ಸಮುದ್ರಮಟ್ಟದಿಂದ ಸಾವಿರ ಅಡಿಗಿಂತ ಕಡಿಮೆ ಎತ್ತರದಲ್ಲಿದೆ. ನುರಿತವರು ಹವಾಮಾನ ನೋಡಿ, ಒಳ್ಳೆಯ ದಿನ ಹಿಡಿದು ಬರುತ್ತಾರೆ. ವಾರಕ್ಕೊಂದು ಸಂಜೆಯ ಪಾಠಕ್ಕೆ ಹೆಸರು ಬರೆಸಿದ ಮಗುವಿಗೆ ಆ ಸಂಜೆ ಮಳೆಯಾದರೆ ಪಾಠವೇ ಹೋಯಿತು. ಹೀಗೆ, ಯಾರಿಗಾಗಿ ಬೆಟ್ಟ ಮತ್ತೆ ತೆರೆಯಿತೋ ಅವರ ಮೇಲೆಯೇ ಅಪಾಯದ ಹೊರೆ ಹೆಚ್ಚು. ಇದನ್ನು ತುಸು ಹಗುರ ಮಾಡುವ ಒಂದು ಭೌತಿಕ ಸಂಗತಿಯಿದೆ: ಕೆಳಗಿನ ಇಳಿಜಾರು ಹುಲ್ಲುಗಾವಲು. ಕತ್ತರಿಸಿದ ಹುಲ್ಲಿನ ಮೇಲೆ ಕೆಲವೇ ಅಂಗುಲ ಹಿಮ ಬಿದ್ದರೂ ಸ್ಕೀ ಓಡುತ್ತದೆ. ಕಲ್ಲು, ಮೋಟುಗಳ ಮೇಲ್ಭಾಗಕ್ಕೆ ಅದರ ಹಲವು ಪಟ್ಟು ಬೇಕು.

ಹೋಲಿಕೆಗೆ ನ್ಯೂ ಹ್ಯಾಂಪ್‌ಶೈರ್‌ನ ಎನ್‌ಫೀಲ್ಡ್‌ನಲ್ಲಿರುವ ವೇಲ್‌ಬ್ಯಾಕ್ ಬೆಟ್ಟವನ್ನು ತೆಗೆದುಕೊಳ್ಳಬಹುದು. ಅದೂ ಮುಚ್ಚಿ, 2013ರಲ್ಲಿ ಲಾಭರಹಿತ ಸಂಸ್ಥೆಯೊಂದರ ಕೈಯಲ್ಲಿ ಮತ್ತೆ ತೆರೆದದ್ದೇ. ಆದರೆ ಅಲ್ಲಿ ಚೇರ್‌ಲಿಫ್ಟನ್ನೂ ಹಿಮ ಮಾಡುವ ಯಂತ್ರಗಳನ್ನೂ ಉಳಿಸಿಕೊಂಡರು. ಸುಮಾರು 700 ಅಡಿಗಳ ಇಳಿತ, ರಾತ್ರಿಯ ದೀಪಗಳು. ಶಾಲಾ ರೇಸ್ ತಂಡಗಳಿಗೆ, ಹದಿಹರೆಯದವರಿಗೆ, ಕೆಲಸ ಮುಗಿಸಿ ಸಂಜೆ ಬರುವ ನಡುಮಟ್ಟದವರಿಗೆ ಆಸ್ಕಟ್ನಿಗಿಂತ ಹೆಚ್ಚು ದಕ್ಕುವುದು ಅಲ್ಲಿ. ಪ್ರತಿಯಾಗಿ ವಿದ್ಯುತ್ತು, ದುರಸ್ತಿಗಳಿಗೆ ದೇಣಿಗೆ ಎತ್ತುವ ಹೊರೆ ದೊಡ್ಡದು. ಎರಡು ಬೆಟ್ಟಗಳ ನಡುವೆ ಹೆಚ್ಚು ದೂರವಿಲ್ಲ. ಒಂದು ಸೀಮೆಯ ಸಣ್ಣ ತಾಣಗಳನ್ನು ಒಟ್ಟಿಗೆ ಅಧ್ಯಯನ ಮಾಡಿದರೆ ಒಂದು ಬಿಟ್ಟ ಸ್ಕೀಯರ್‌ನನ್ನು ಇನ್ನೊಂದು ಎತ್ತಿಕೊಳ್ಳುತ್ತಿದೆಯೇ ಎಂಬುದು ತಿಳಿದೀತು. ನೆರವು ಹಂಚುವ ಸಂಸ್ಥೆಗಳು ಪ್ರತಿ ಬೆಟ್ಟದ ಅರ್ಜಿಯನ್ನು ಬಿಡಿಬಿಡಿಯಾಗಿ ತೂಗುವ ಬದಲು ಈ ಒಟ್ಟು ಚಿತ್ರವನ್ನು ಕೇಳಬೇಕು.