ಎರಡು ಡಿಸ್ಕುಗಳು ಒಟ್ಟಿಗೇ ಮಾಯವಾಗುತ್ತಿದ್ದುದೇಕೆ?

ಹರಿಹರದ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ದಲ್ಲಿ ಹುಡುಕುವವರು ದಾವಣಗೆರೆ ತಾಲ್ಲೂಕಿನ ಪುಟಗಳನ್ನು ತೆರೆಯಬೇಕು. ಬಿ.ಎಲ್. ರೈಸ್ ಅವರ 11ನೇ ಸಂಪುಟ ಅಂದಿನ ಚಿತ್ರದುರ್ಗ ಜಿಲ್ಲೆಯದು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. 1224ರ ಸುಮಾರಿಗೆ ಹೊಯ್ಸಳ ದಂಡನಾಯಕ ಪೋಲಾಳ್ವ ಹರಿಹರೇಶ್ವರ ದೇವಾಲಯ ಕಟ್ಟಿಸಿದ್ದು, 1268ರಲ್ಲಿ ಸೋಮ ದಂಡನಾಯಕ ಗೋಪುರ ಎತ್ತಿಸಿದ್ದು ಈ ಶಾಸನಗಳಿಂದಲೇ ತಿಳಿದ ಸಂಗತಿಗಳು. ಸಂಪುಟದ ಸ್ಕ್ಯಾನ್ ಪುಟಗಳನ್ನೂ ಕಲ್ಲುಗಳ ಹಳೆಯ ಫೋಟೊಗಳನ್ನೂ ಒಂದು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಂಡು, ಹೊಸ ಫೋಟೊಗಳನ್ನು ಇನ್ನೊಂದಕ್ಕೆ ಇಳಿಸುತ್ತಿದ್ದೆ. ಎರಡೂ 3.5 ಇಂಚಿನವು, ಯುಎಸ್‌ಬಿ ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸಿದ, ತನ್ನದೇ ಅಡಾಪ್ಟರಿನಿಂದ ವಿದ್ಯುತ್ ಪಡೆಯುವ ಒಂದೇ ಡಾಕ್‌ನಲ್ಲಿ ನಿಂತವು. ಕೆಲಸದ ನಡುವೆ ಇದ್ದಕ್ಕಿದ್ದಂತೆ ಎರಡೂ ಮಾಯವಾಗಿ, ತುಸು ಹೊತ್ತಿಗೆ ಮರಳಿ ಬರುತ್ತಿದ್ದವು. ಇಳಿಯುತ್ತಿದ್ದ ಫೈಲು ಅರ್ಧಕ್ಕೇ ನಿಂತಿರುತ್ತಿತ್ತು.

“ಡಿಸ್ಕ್ ಹೋಗ್ಯಾವ್ರಿ ಸರ್, ಬದಲ್ಸಿ ಬಿಡ್ರಿ” ಅಂದರು ದಾವಣಗೆರೆಯ ರಿಪೇರಿ ಅಂಗಡಿಯವರು. ಎರಡು ಡಿಸ್ಕುಗಳು ಒಂದೇ ಕ್ಷಣದಲ್ಲಿ ಕೆಡುವುದುಂಟೆ? ನನಗೆ ಒಪ್ಪಿಗೆಯಾಗಲಿಲ್ಲ. ಕಂಪ್ಯೂಟರ್ ತಾನಾಗಿಯೇ ಬರೆದಿಡುವ ದಾಖಲೆಗಳಿವೆಯಲ್ಲ, ಅವನ್ನೇ ಕೇಳೋಣವೆಂದು ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದೆ.

ಅಲ್ಲಿ 157ನೇ ಸಂಖ್ಯೆಯ ನಮೂದು ಜೋಡಿಯಾಗಿ ಸಿಕ್ಕಿತು: ಹೇಳದೆ ಕೇಳದೆ ಡಿಸ್ಕ್ ತೆಗೆಯಲಾಗಿದೆ ಎಂಬುದು ಅದರ ತಾತ್ಪರ್ಯ. ಎರಡೂ ಡಿಸ್ಕುಗಳಿಗೆ ಒಂದೇ ಸೆಕೆಂಡು. ಕೇಬಲ್ ಅಥವಾ ಡ್ರೈವರ್ ತಕರಾರಾಗಿದ್ದರೆ ಅದಕ್ಕೂ ಮೊದಲು 129ನೇ ನಮೂದುಗಳು, ಅಂದರೆ ಉತ್ತರಿಸದ ಸಾಧನವನ್ನು ರೀಸೆಟ್ ಮಾಡಿದ ಗುರುತುಗಳು, ಸಾಮಾನ್ಯವಾಗಿ ಇರುತ್ತವೆ. ಇಲ್ಲಿ ಒಂದೂ ಇರಲಿಲ್ಲ.

ಆದರೂ ಒಂದೇ ದಾಖಲೆಯನ್ನು ನಂಬಿ ತೀರ್ಪು ಕೊಡಬಾರದು. ಶಾಸನದ ಶಕವರ್ಷವನ್ನು ಸಂವತ್ಸರ, ತಿಥಿ, ವಾರಗಳ ಜೊತೆ ತಾಳೆ ನೋಡಿದ ಮೇಲಷ್ಟೇ ಒಪ್ಪುತ್ತೇವೆ. ಇಲ್ಲಿ ತಾಳೆಗೆ ಒದಗಿದ್ದು ಡಿಸ್ಕಿನೊಳಗಿನ ಸ್ಮಾರ್ಟ್ ಪಟ್ಟಿ. ಈ ಪಟ್ಟಿಯನ್ನು ಬರೆಯುವುದು ಕಂಪ್ಯೂಟರಲ್ಲ, ಡಿಸ್ಕೇ. ಅದರ 199ನೇ ಸಾಲು ಡಿಸ್ಕಿಗೂ ಡಾಕ್‌ಗೂ ನಡುವಿನ ಸಾಗಣೆಯ ದೋಷ ಎಣಿಸುತ್ತದೆ: ಸೊನ್ನೆ. ಓದಲಾಗದೆ ಉಳಿದ ಸೆಕ್ಟರುಗಳ 197ನೇ ಸಾಲೂ ಸೊನ್ನೆ. ಆದರೆ ವಿದ್ಯುತ್ ಪಡೆದು ಮತ್ತೆ ಶುರುವಾದ ಸಲಗಳನ್ನು ಎಣಿಸುವ 12ನೇ ಸಾಲು, ಒಮ್ಮೆ ಮಾಯವಾಗುವ ಮುಂಚೆ 611 ಇದ್ದದ್ದು, ಮರಳಿದ ಮೇಲೆ 612 ಆಗಿತ್ತು. ಕರೆಂಟು ಹಠಾತ್ತನೆ ಹೋದಾಗ ಹೆಡ್ಡುಗಳು ಹಿಂದೆ ಸರಿದ ಲೆಕ್ಕವಿಡುವ 192ನೇ ಸಾಲೂ ಒಂದು ಏರಿತ್ತು. ಎರಡು ಡಿಸ್ಕುಗಳಲ್ಲೂ ಹೀಗೆಯೇ. ಅಂದರೆ ಡಿಸ್ಕುಗಳಿಗೆ ವಿದ್ಯುತ್ತೇ ನಿಂತಿತ್ತು. ಯುಎಸ್‌ಬಿ ಸಂಪರ್ಕ ತಪ್ಪಿದಾಗ ತಾವಾಗಿಯೇ ಡಿಸ್ಕಿನ ವಿದ್ಯುತ್ ನಿಲ್ಲಿಸುವ ಡಾಕ್‌ಗಳೂ ಇವೆ. ಅದಕ್ಕೇ ಡಾಕ್ ಆನ್ ಇಟ್ಟು ಕೇಬಲ್ ಕಿತ್ತು ನೋಡಿದೆ. ಡಿಸ್ಕುಗಳು ತಿರುಗುತ್ತಲೇ ಇದ್ದವು.

ದಾವಣಗೆರೆಯ ಮನೆಯ ಕರೆಂಟಿನ ಮೇಲೂ ಗುಮಾನಿಯಿತ್ತು. ಹರಿಹರದ ಗೆಳೆಯರ ಮನೆಯಲ್ಲಿ ಯುಪಿಎಸ್‌ಗೆ ಜೋಡಿಸಿದಾಗಲೂ ಅದೇ ಕಥೆ. ಅಷ್ಟಕ್ಕೂ ಇಂಥ ಅಡಾಪ್ಟರುಗಳು 100ರಿಂದ 240 ವೋಲ್ಟಿನವರೆಗೆ ತಡೆಯುತ್ತವೆ.

ಉಳಿದದ್ದು ಹೊತ್ತಿನ ಪ್ರಶ್ನೆ. ಲಾಗ್‌ನ ಸಮಯಗಳನ್ನು ನನ್ನ ಕೆಲಸದ ಟಿಪ್ಪಣಿಯ ಪಕ್ಕ ಇಟ್ಟು ನೋಡಿದಾಗ ಎಳೆ ಸಿಕ್ಕಿತು. ಹೊಸ ಫೋಟೊ ಇಳಿಯುವಾಗ ಹಳೆಯ ಡಿಸ್ಕಿಗೆ ಕೆಲಸವಿರುವುದಿಲ್ಲ; ವಿಂಡೋಸ್ ಸಾಮಾನ್ಯವಾಗಿ 20 ನಿಮಿಷಕ್ಕೆ ಅದನ್ನು ಮಲಗಿಸುತ್ತದೆ. ಹೋಲಿಕೆಗೆಂದು ಹಳೆಯ ಫೋಟೊ ತೆರೆದ ಕ್ಷಣದಲ್ಲೇ ಎರಡೂ ಮಾಯವಾಗುತ್ತಿದ್ದವು. ಮಲಗಿದ 3.5 ಇಂಚಿನ ಡಿಸ್ಕ್ ಎದ್ದು ತಿರುಗಲು 12 ವೋಲ್ಟಿನಲ್ಲಿ 2 ಆಂಪಿಯರ್‌ವರೆಗೂ ಎಳೆಯುತ್ತದೆ. ಆಗಲೇ ತಿರುಗುತ್ತಿರುವುದಕ್ಕೆ ಅರ್ಧ ಆಂಪಿಯರ್ ಸುಮಾರು ಬೇಕು. ಎರಡಕ್ಕೂ ಬೇಕಾದ 5 ವೋಲ್ಟನ್ನು ಡಾಕ್ ಈ 12 ವೋಲ್ಟಿನಿಂದಲೇ ಇಳಿಸಿಕೊಡಬೇಕು. ಅಡಾಪ್ಟರ್ ಮೇಲೆ ಬರೆದದ್ದು 3 ಆಂಪಿಯರ್, ಅದೂ ವರ್ಷಗಟ್ಟಲೆ ಕಾದು ಹಳತಾದದ್ದು.

ಒಂದೇ ಡಿಸ್ಕ್ ಇಟ್ಟಾಗ ತೊಂದರೆಯಾಗಲಿಲ್ಲ. ಅದೇ ಪಿನ್, ಅದೇ ಧ್ರುವತೆಯ 12 ವೋಲ್ಟ್, 5 ಆಂಪಿಯರಿನ ಅಡಾಪ್ಟರ್ ತಂದು, ಬೇಕೆಂದೇ ಹಳೆಯ ಡಿಸ್ಕನ್ನು ಮಲಗಿಸಿ ಎಬ್ಬಿಸಿದೆ. ಎರಡೂ ಮಾಯವಾಗಲಿಲ್ಲ. ಕೆಟ್ಟಿದ್ದು ಡಿಸ್ಕುಗಳಲ್ಲ, ಅಡಾಪ್ಟರ್.

ಊರಿನ ಶಾಸನ, ಮನೆತನದ ಕಡತಗಳನ್ನು ಹೀಗೆ ಕಾಪಾಡುತ್ತಿರುವವರಲ್ಲಿ ನನ್ನದೊಂದು ವಿನಂತಿ: ಡಿಸ್ಕ್ ಎಸೆಯುವ ಮುನ್ನ 12, 192, 197, 199ನೇ ಸಾಲುಗಳನ್ನು ಓದಿ. ಅಸಲು ಮತ್ತು ಪ್ರತಿ ಎರಡನ್ನೂ ಸದಾ ಒಂದೇ ಡಾಕ್‌ನಲ್ಲಿ ಸಿಕ್ಕಿಸಿಡಬೇಡಿ. ಒಂದು ಪ್ರತಿ ಬೇರೆ ಮನೆಯಲ್ಲಿರಲಿ.