ಕೋಲಾರದ ಗಣಿಗೆ ಬಂದ ಬೆಳಕು

ರಾಜ್ಯೋತ್ಸವ ಬಂದಿತೆಂದರೆ ಶಿವನಸಮುದ್ರದ ವಿದ್ಯುತ್ತಿನ ಮಾತು ಬಾರದೆ ಇರದು. ಠಾಣೆ, ಡೊಂಬಿವಲಿಗಳಲ್ಲಿ ನೆಲೆಸಿರುವ ನಾವು ಅದನ್ನು ಮಕ್ಕಳಿಗೆ ಹೆಮ್ಮೆಯಿಂದಲೇ ಹೇಳುತ್ತೇವೆ. ಆ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪಗಳು ಬೆಳಗಿದುದು ಆಮೇಲೆ, 1905ರ ಆಗಸ್ಟಿನಲ್ಲಿ.

1880ರಲ್ಲಿ ಜಾನ್ ಟೇಲರ್ ಕಂಪನಿಯವರು ಕೋಲಾರಕ್ಕೆ ಕಾಲಿಟ್ಟರು. ಅಲ್ಲಿನ ಯಂತ್ರಗಳು ಸೌದೆ, ಕಲ್ಲಿದ್ದಲುಗಳ ಉಗಿಯಿಂದ ನಡೆಯುತ್ತಿದ್ದುವು, ಖರ್ಚು ವಿಪರೀತ. ಕಾವೇರಿಯ ಧುಮುಕನ್ನು ದುಡಿಸಿಕೊಳ್ಳುವ ಯೋಜನೆಯನ್ನು ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಮುಂದಿಟ್ಟರು, ದಿವಾನ್ ಶೇಷಾದ್ರಿ ಅಯ್ಯರ್ ಕೈಹಿಡಿದರು. 1902ರ ಜೂನ್ ತಿಂಗಳಲ್ಲಿ 92 ಮೈಲಿ ತಂತಿಯ ಮೇಲೆ ಶಕ್ತಿ ಗಣಿಗೆ ಹರಿಯಿತು. ಜಗತ್ತಿನಲ್ಲೇ ಅಷ್ಟು ದೂರದ ತಂತಿ ಆಗ ಅಪರೂಪ. ಅದನ್ನು ನೋಡಲು ದಿವಾನರು ಇರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು.

ಆದರೆ ಕಂಪನಿ ಈ ಶಕ್ತಿಯನ್ನು ಕೊಂಡದ್ದು ಮುಖ್ಯವಾಗಿ ಅದಿರು ಕುಟ್ಟುವ ಯಂತ್ರಗಳಿಗಾಗಿ. ಆರ್ಕಾಟು, ಚಿತ್ತೂರು ಕಡೆಗಳಿಂದ ಹೊಟ್ಟೆಪಾಡಿಗೆ ಬಂದು ಸುರಂಗದ ತುದಿಯಲ್ಲಿ ಬಂಡೆ ಕೊರೆಯುತ್ತಿದ್ದವನಿಗೆ ಬೇಕಾದುದು ತನ್ನೊಡನೆ ನಡೆಯುವ ದೀಪ. ಲೋಹದ ಗಣಿಗಳಲ್ಲಿ ಮೊದಲು ಮೇಣದ ಬತ್ತಿ, ಎಣ್ಣೆದೀಪಗಳಿದ್ದುವು. ಮುಂದೆ ಕಾರ್ಬೈಡ್ ದೀಪ, ಕೊನೆಗೆ ತಲೆಯ ಟೋಪಿಗೆ ಸಿಕ್ಕಿಸುವ ಬ್ಯಾಟರಿ ದೀಪ ಬಂತು. 1815ರಲ್ಲಿ ಡೇವಿ ಮಹಾಶಯನು ರೂಪಿಸಿದ ದೀಪ ಕಲ್ಲಿದ್ದಲಿನ ಗಣಿಯ ಅನಿಲಕ್ಕೆ ಹೆದರಿ ಹುಟ್ಟಿದುದು. ಕೋಲಾರದ ದೊಡ್ಡ ಭಯ ಬಂಡೆಯದು. ಆಳದ ಒತ್ತಡಕ್ಕೆ ಅದು ಸಿಡಿಯುತ್ತಿತ್ತು. ಸಿಡಿತವನ್ನು ದೀಪ ತಡೆಯಲಾರದು ನಿಜ. ಆದರೂ ತಲೆಯ ಮೇಲಿನ ಸಡಿಲ ಕಲ್ಲು, ಬಿರುಕು ಕಾಣಬೇಕಾದರೆ ಬೆಳಕೇ ಬೇಕು. ಬೆಳಕು ಸಾಲದೆ ಕಣ್ಣಿಗೂ ಕೇಡುಂಟು: ಬ್ರಿಟನ್ನಿನ ಕಲ್ಲಿದ್ದಲು ಕಾರ್ಮಿಕರಲ್ಲಿ ಕಣ್ಣುಗುಡ್ಡೆ ನಡುಗುವ ರೋಗ ಹರಡಿತ್ತು.

ಸ್ವತಂತ್ರ ಭಾರತದಲ್ಲಿ, 1961ರ ಲೋಹಗಣಿ ನಿಯಮಾವಳಿಯು ಕೆಲಸದ ಹೊತ್ತಿನಲ್ಲಿ ಸಾಕಷ್ಟು ಬೆಳಕಿರತಕ್ಕದ್ದೆಂದು ವಿಧಿಸಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ರಾಯಚೂರಿನ ಹಟ್ಟಿಯಲ್ಲಿ ಇಂದಿಗೂ ನಮ್ಮವರು ತಲೆಗೆ ದೀಪ ಕಟ್ಟಿ ಇಳಿಯುತ್ತಾರೆ.

'ಸಾಕಷ್ಟು' ಎಂಬ ಮಾತಿಗೆ ಅಳತೆ ಮೇಲಿನ ಕಚೇರಿಯಲ್ಲಿಲ್ಲ. ಕೆಳಗಿರುವವನ ಕಣ್ಣಿಗೆ ತನ್ನ ತಲೆಯ ಮೇಲಿನ ಕಲ್ಲು ಕಂಡರೆ ಅದು ಸಾಕಷ್ಟು. ಶಿವನಸಮುದ್ರದ ಕಥೆ ಹೇಳುವಾಗ ನಾವು ಇವನನ್ನೂ ಸೇರಿಸಿ ಹೇಳೋಣ.